ಪೇಟಿಯ ಪಕ್ಕಕ್ಕೊಂದು ಸಣ್ಣ ಸಿಂಥ್: ಮನೆ ರೆಕಾರ್ಡಿಂಗಿಗೆ ಆಯ್ದ ಬಗೆ

ವಿಜಯಪುರ, ಬಾಗಲಕೋಟೆ ಕಡೆ ಮನೆಯಲ್ಲೇ ತತ್ವಪದ, ಭಜನೆ, ಜಾನಪದ ಹಾಡು ರೆಕಾರ್ಡ್ ಮಾಡುವವರ ಹತ್ತಿರ ಪೇಟಿ (ಹಾರ್ಮೋನಿಯಂ) ಇದ್ದೇ ಇರುತ್ತದೆ. ಆದ್ದರಿಂದ ಸಿಂಥ್ (ಸಿಂಥಸೈಜರ್, ಅಂದರೆ ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ಕೀಬೋರ್ಡ್) ಆರಿಸುವಾಗ ನಾನು ಟೋನುಗಳ ಸಂಖ್ಯೆ ನೋಡಲಿಲ್ಲ. ಪೇಟಿಗೆ ಆಗದ ಕೆಲಸ ಯಾವುದು ಎಂದು ಮೊದಲು ಬರೆದುಕೊಂಡೆ. ಮೂರು ಸಿಕ್ಕವು: ಹಾಡಿನ ಕೆಳಗೆ ನಿಲ್ಲುವ ದಪ್ಪ ಬೇಸ್, ಉದ್ದಕ್ಕೂ ಹಿಡಿದಿಡುವ ಸಾ-ಪಾ ಆಧಾರ, ಮತ್ತು ಸ್ವರದಿಂದ ಸ್ವರಕ್ಕೆ ಜಾರುವ ಲೀಡ್, ಅಂದರೆ ಹಾಡಿನ ಮುಖ್ಯ ಧಾಟಿ ನುಡಿಸುವ ದನಿ. ಪೇಟಿಯಲ್ಲಿ ಈ ಜಾರು, ಅಂದರೆ ಮೀಂಡ್ ಬರುವುದಿಲ್ಲ, ಸಿಂಥಿನಲ್ಲಿ ಬರುತ್ತದೆ. ನನ್ನ ಲೆಕ್ಕದಲ್ಲಿ ದುಡ್ಡು ಕೊಡಬೇಕಾದದ್ದು ಅದಕ್ಕೇ.

ಬೇಸ್ ಮತ್ತು ಲೀಡಿಗೆ ಒಂದು ಸಲಕ್ಕೆ ಒಂದೇ ಸ್ವರ ನುಡಿಯುವ ಮೊನೊ ಸಿಂಥ್ ಸಾಕು. ಕಾರ್ಗ್ ಮೊನೊಲಾಗ್ ಅಂಥದ್ದು: 25 ಸಣ್ಣ ಕೀಗಳು, ಆರು ಎಎ ಸೆಲ್ ಮೇಲೂ ನಡೆಯುತ್ತದೆ. ಆಧಾರ ಹಿಡಿಯಲು ಕನಿಷ್ಠ ಮೂರು ಸ್ವರ ಒಟ್ಟಿಗೆ ನುಡಿಯಬೇಕು: ಮಂದ್ರ ಸಾ, ಪಾ, ಮಧ್ಯ ಸಾ. 2013ರಲ್ಲಿ ಬಂದ ಕಾರ್ಗ್ ವೋಲ್ಕಾ ಕೀಸ್ ಮೂರು ಸ್ವರದ್ದು. ಅಷ್ಟಕ್ಕೇ ಮುಗಿಯಿತು, ಆಧಾರ ಹಿಡಿದ ಮೇಲೆ ಅದರಲ್ಲೇ ಇನ್ನೊಂದು ಸ್ವರಕ್ಕೆ ಜಾಗವಿಲ್ಲ. 2016ರ ಕಾರ್ಗ್ ಮಿನಿಲಾಗ್ ನಾಲ್ಕು ಸ್ವರ, ಯಮಹಾ ರಿಫೇಸ್ ಸಿಎಸ್ ಎಂಟು ಸ್ವರ. ಇವೆರಡಕ್ಕೂ 37 ಕೀ, ಅಂದರೆ ಮೂರು ಸಪ್ತಕ. ಪೇಟಿಯ ಅಳತೆಗೆ ಹತ್ತಿರವಿರುವುದರಿಂದ ಪೇಟಿ ನುಡಿಸುವವರಿಗೆ ಸಪ್ತಕ ಸಾಲದೆನಿಸುವುದಿಲ್ಲ. ಕೀಗಳು ಮಾತ್ರ ಕಿರಿದು. ದೊಡ್ಡ ಕೀಬೋರ್ಡಿನಲ್ಲಿ ಒಂದು ಸಪ್ತಕ ಸುಮಾರು 16.5 ಸೆಂಮೀ, ಇಲ್ಲಿ ಅದಕ್ಕಿಂತ ಕಡಿಮೆ. ಬೆರಳು ದಪ್ಪವಿದ್ದವರು ಕೊಳ್ಳುವ ಮೊದಲು ಹತ್ತು ನಿಮಿಷವಾದರೂ ಅಲಂಕಾರ ನುಡಿಸಿ ನೋಡಲೇಬೇಕು.

ಮೀಂಡಿಗೆ ಬೇಕಾದದ್ದು ಗ್ಲೈಡ್, ಅಂದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಲು ಹಿಡಿಯುವ ಹೊತ್ತು. ನಾನು 60ರಿಂದ 120 ಮಿಲಿಸೆಕೆಂಡ್ ನಡುವೆ ಇಡುತ್ತೇನೆ. ಅದಕ್ಕಿಂತ ಹೆಚ್ಚಾದರೆ ದ್ರುತ ಲಯದಲ್ಲಿ ಸ್ವರ ಗುರಿ ಮುಟ್ಟುವ ಮೊದಲೇ ಮುಂದಿನದು ಬಂದುಬಿಡುತ್ತದೆ. ಪಿಚ್ ಬೆಂಡ್ (ಲಿವರ್ ತಳ್ಳಿ ಸ್ವರ ಬಗ್ಗಿಸುವುದು) ಎರಡು ಸ್ವರದಂತರಕ್ಕೆ ಮಿತಿ ಹಾಕಿದರೆ ಆಂದೋಲನ ಕೈಯಳತೆಯಲ್ಲಿರುತ್ತದೆ. ವೋಲ್ಕಾದಲ್ಲಿ ಬೆಂಡ್ ಲಿವರ್ ಇಲ್ಲ ಎಂಬುದನ್ನು ಲೀಡಿಗೆ ಅದನ್ನು ನಂಬಿಕೊಂಡವರು ಮರೆಯಬಾರದು.

ಇನ್ನು ತಂತಿಯ ವಿಷಯ. ಹೆಚ್ಚಿನವರು ಎಡವುವುದು ಇಲ್ಲೇ, ಆದ್ದರಿಂದ ಬಿಡಿಸಿ ಹೇಳುತ್ತೇನೆ. ವೋಲ್ಕಾದಿಂದ ಸದ್ದು ಹೊರಬರುವುದು ಮೊಬೈಲ್ ಹೆಡ್‌ಫೋನಿನಂಥ 3.5 ಮಿಮೀ ತೂತಿನಿಂದ. ಒಂದು ತುದಿಗೆ 3.5, ಇನ್ನೊಂದು ತುದಿಗೆ ಕಾಲಿಂಚಿನ ಸ್ಟೀರಿಯೊ ಪಿನ್ ಇರುವ ಕೇಬಲ್ ತಂದು ಆಡಿಯೊ ಇಂಟರ್‌ಫೇಸಿನ (ಸದ್ದನ್ನು ಕಂಪ್ಯೂಟರಿಗೆ ಸೇರಿಸುವ ಪೆಟ್ಟಿಗೆ) ಲೈನ್ ಇನ್‌ಪುಟ್ಟಿಗೆ ಚುಚ್ಚಿದರೆ ಸದ್ದೇ ಬರುವುದಿಲ್ಲ, ಬಂದರೂ ದೂರದಲ್ಲೆಲ್ಲೋ ಪಿಸುಗುಟ್ಟಿದಂತೆ. ಸಿಂಥ್ ಕೆಟ್ಟಿದೆ ಎಂದು ವಾಪಸು ಕಳಿಸಬೇಡಿ. ಆ ಇನ್‌ಪುಟ್ ಬ್ಯಾಲೆನ್ಸ್ಡ್: ಪಿನ್ನಿನ ತುದಿಯಲ್ಲಿ ಬಂದದ್ದರಿಂದ ಉಂಗುರದಲ್ಲಿ ಬಂದದ್ದನ್ನು ಕಳೆದು ಉಳಿದದ್ದನ್ನಷ್ಟೇ ಒಳಗೆ ಬಿಡುತ್ತದೆ. ವೋಲ್ಕಾ ಎಡಕ್ಕೂ ಬಲಕ್ಕೂ ಕೊಡುವುದು ಒಂದೇ ಸದ್ದು. ಒಂದರಿಂದ ಅದನ್ನೇ ಕಳೆದರೆ ಉಳಿಯುವುದು ಸೊನ್ನೆ. ಬೇಕಾದದ್ದು ಒಂದು ಕಡೆ 3.5 ಸ್ಟೀರಿಯೊ, ಇನ್ನೊಂದು ಕಡೆ ಎರಡು ಕಾಲಿಂಚಿನ ಮೊನೊ ಪಿನ್ನುಗಳಾಗಿ ಕವಲೊಡೆಯುವ ಕೇಬಲ್. ಗುರುತು ಸುಲಭ: ಪಿನ್ನಿನ ಮೇಲೆ ಕಪ್ಪು ಪಟ್ಟಿ ಎರಡಿದ್ದರೆ ಸ್ಟೀರಿಯೊ, ಒಂದಿದ್ದರೆ ಮೊನೊ. ಮೊನೊ ಸದ್ದಿಗೆ ಕವಲಿನ ಒಂದೇ ಪಿನ್ ಚುಚ್ಚಿದರೂ ಕೆಲಸ ನಡೆಯುತ್ತದೆ, ಇನ್ನೊಂದು ಏನಕ್ಕೂ ತಾಗದಂತೆ ಟೇಪ್ ಸುತ್ತಿಡಿ.

ಮಿನಿಲಾಗ್, ಆರ್ಟೂರಿಯಾ ಕಂಪನಿಯ ಮೈಕ್ರೊಫ್ರೀಕ್ ಸಿಂಥ್ ಇವಕ್ಕೆ ಕಾಲಿಂಚಿನ ಒಂದೇ ಔಟ್, ಹಾಗಾಗಿ ಒಂದು ಲೈನ್ ಇನ್‌ಪುಟ್ ಇರುವ ಇಂಟರ್‌ಫೇಸ್ ಸಾಕು. ರಿಫೇಸ್ ಎಡ-ಬಲ ಎರಡು ಔಟ್ ಕೊಡುತ್ತದೆ, ಎರಡನ್ನೂ ಹಿಡಿಯಲು ಎರಡು ಲೈನ್ ಇನ್‌ಪುಟ್ ಬೇಕು. ಸ್ಕಾರ್ಲೆಟ್ ಸೋಲೊ ಎಂಬ ಇಂಟರ್‌ಫೇಸಿನಲ್ಲಿ ಒಂದು ಇನ್‌ಪುಟ್ ಮೈಕಿಗೆ, ಒಂದೇ ಲೈನಿಗೆ. ಬೆಹ್ರಿಂಜರ್ ಯುಎಂಸಿ 202 ಎಚ್‌ಡಿಯಲ್ಲಿ ಎರಡೂ ಕಡೆ ಲೈನ್ ಹೋಗುತ್ತದೆ. ಇಂಟರ್‌ಫೇಸೇ ಬೇಡ ಎನ್ನುವವರಿಗೆ 2023ರ ರೋಲ್ಯಾಂಡ್ ಎಸ್-1 ಇದೆ. ನಾಲ್ಕು ಸ್ವರ, ಒಳಗೇ ಬ್ಯಾಟರಿ, ಯುಎಸ್‌ಬಿ-ಸಿ ಕೇಬಲ್ ಒಂದರಲ್ಲೇ ಸದ್ದೂ ಮಿಡಿಯೂ (ಯಾವ ಕೀ ಯಾವಾಗ ಒತ್ತಿದಿರಿ ಎಂಬ ಸಂಕೇತ) ಕಂಪ್ಯೂಟರಿಗೆ ಹೋಗುತ್ತವೆ. ಹಾಡುಗಾರಿಕೆಗೆ ಹೇಗೂ ಮೈಕು ಬೇಕು, ಮೈಕಿಗೆ ಇಂಟರ್‌ಫೇಸ್ ಬೇಕು. ಆದ್ದರಿಂದ ನಾನು ದುಡ್ಡನ್ನು ಹೀಗೆ ಹಂಚಿದೆ: ಕೈಯಲ್ಲಿ 40 ಸಾವಿರ ಇದ್ದರೆ 10 ಸಾವಿರ ಇಂಟರ್‌ಫೇಸ್, ಕೇಬಲ್ಲಿಗೆ ಎತ್ತಿಟ್ಟು, ಉಳಿದದ್ದರಲ್ಲಿ ಸಿಂಥ್. ಎಲ್ಲವನ್ನೂ ಸಿಂಥಿಗೇ ಸುರಿದರೆ ಅದು ಹೆಡ್‌ಫೋನಿನೊಳಗೇ ಉಳಿಯುತ್ತದೆ.

ಸೂರು (ಶ್ರುತಿ) ಸೇರಿಸುವುದು ಎಲ್ಲಕ್ಕಿಂತ ಮುಖ್ಯ. ಪೇಟಿಯ ಸೂರು ಬದಲಿಸುವುದೆಂದರೆ ರೀಡು ಕೆರೆಯುವುದು, ಅದು ಕಾರೀಗರರ ಕೆಲಸ. ಸಿಂಥನ್ನೇ ಪೇಟಿಗೆ ಹೊಂದಿಸಬೇಕು. ಹಾಡುವವರು ಸಾ ಆಗಿ ಕಾಳಿ ದೋ (ಎರಡನೇ ಕಪ್ಪು ಕೀ, ಡಿ ಶಾರ್ಪ್) ಹಿಡಿಯುತ್ತಾರೆ ಎನ್ನಿ. ಪೇಟಿಯಲ್ಲಿ ಒಂದೇ ರೀಡು ತೆರೆದು, ತಿದಿಯನ್ನು ಹದವಾಗಿ ಒತ್ತುತ್ತ ಆ ಸಾ ನುಡಿಸಿ, ಮೊಬೈಲಿನ ಟ್ಯೂನರ್ ಆ್ಯಪ್ ನೋಡಿ. ಎ ಸ್ವರ 440 ಎಂಬ ಅಳತೆಯಲ್ಲಿ ಆ ಸಾ 311.13 ಹರ್ಟ್ಜ್ ಇರಬೇಕು. ಹಳೆಯ ಪೇಟಿ 10-15 ಸೆಂಟ್ ಮೇಲೋ ಕೆಳಗೋ ಇರುವುದು ಸಾಮಾನ್ಯ (ಒಂದು ಸ್ವರದಿಂದ ಪಕ್ಕದ ಸ್ವರಕ್ಕೆ ನೂರು ಸೆಂಟ್). 15 ಸೆಂಟ್ ಅಂದರೆ ಕಡಿಮೆಯಲ್ಲ. ಎರಡನ್ನೂ ಒಟ್ಟಿಗೆ ಹಿಡಿದರೆ ಸೆಕೆಂಡಿಗೆ ಮೂರು ಸಲದ ಹತ್ತಿರ ‘ವಂ ವಂ’ ಎಂದು ಅಲೆ ಕೇಳುತ್ತದೆ. ಟ್ಯೂನರ್ ಎಷ್ಟು ತೋರಿಸಿತೋ ಅಷ್ಟನ್ನು ಸಿಂಥಿನ ಮಾಸ್ಟರ್ ಟ್ಯೂನಿಗೆ (ಎಲ್ಲ ಸ್ವರಗಳನ್ನೂ ಒಟ್ಟಿಗೆ ಸರಿಸುವ ಸೆಟ್ಟಿಂಗ್) ಕೊಟ್ಟು, ಮತ್ತೆ ಎರಡನ್ನೂ ಒಟ್ಟಿಗೆ ನುಡಿಸಿ, ಅಲೆ ನಿಲ್ಲುವವರೆಗೆ ಒಂದೊಂದೇ ಸೆಂಟ್ ಸರಿಸಿ. ತಿದಿ ಜೋರಾಗಿ ಒತ್ತಿದರೆ ಪೇಟಿಯ ಸೂರೇ ಅಲುಗಾಡುತ್ತದೆ. ಅಳೆಯುವಾಗಿನ ಒತ್ತಡವೇ ರೆಕಾರ್ಡಿಂಗಿನಲ್ಲೂ ಇರಲಿ.

ಪೇಟಿ ಇಲ್ಲದೆ, ತಂಬೂರಿ ಮತ್ತು ದನಿಯ ಜೊತೆ ಸಿಂಥ್ ಲೀಡ್ ಬಾರಿಸುವಾಗ ಇನ್ನೊಂದು ಹೆಜ್ಜೆ ಇದೆ. ಕೀಬೋರ್ಡಿನ ಶುದ್ಧ ಗಾಂಧಾರ ತಂಬೂರಿಯಲ್ಲಿ ಕೇಳುವ ಗಾಂಧಾರಕ್ಕಿಂತ 14 ಸೆಂಟ್ ಏರಿರುತ್ತದೆ, ಕಿವಿಗೆ ಚುಚ್ಚುತ್ತದೆ. ಮೊನೊಲಾಗಿನಲ್ಲಿ ಹನ್ನೆರಡು ಸ್ವರಗಳನ್ನೂ ಬೇರೆ ಬೇರೆಯಾಗಿ ಸೆಂಟ್ ಲೆಕ್ಕದಲ್ಲಿ ಸರಿಸುವ ಸೌಲಭ್ಯವಿದೆ. ಸಾಫ್ಟ್‌ವೇರ್ 2.0 ಹಾಕಿದ ಮಿನಿಲಾಗಿನಲ್ಲೂ ಉಂಟು. ನನ್ನ ಆಯ್ಕೆ ಕಾರ್ಗ್ ಕಡೆ ವಾಲಿದ್ದಕ್ಕೆ ದೊಡ್ಡ ಕಾರಣ ಇದೇ. ಸಾ ಕಾಳಿ ದೋ ಆದರೆ ನಾನು ಇಡುವ ಲೆಕ್ಕ: ರಿ (ಎಫ್) +4, ಗ (ಜಿ) −14, ಮ (ಜಿ ಶಾರ್ಪ್) −2, ಪ (ಎ ಶಾರ್ಪ್) +2, ಧ (ಸಿ) −16, ನಿ (ಡಿ) −12. ಕೋಮಲ ಗ ಬರುವ ರಾಗವಾದರೆ ಎಫ್ ಶಾರ್ಪಿಗೆ +16, ಕೋಮಲ ಧ ಇದ್ದರೆ ಬಿ ಸ್ವರಕ್ಕೆ +14. ಹಾಡುವವರ ಸಾ ಬದಲಾದರೆ ಈ ಇಡೀ ಸಾಲು ಜೊತೆಗೇ ಸರಿಯಬೇಕು, ಇಲ್ಲವೆಂದರೆ ತಪ್ಪು ಸ್ವರ ಇಳಿಯುತ್ತದೆ. ಪೇಟಿ ಜೊತೆಗಿದ್ದಾಗ ಮಾತ್ರ ಇದನ್ನು ಮುಟ್ಟಬೇಡಿ. ಈಗಿನ ಪೇಟಿಗಳು ಸಾಮಾನ್ಯವಾಗಿ ಸಮ ಅಂತರದ ಸೂರಿನವು, ಗಾಂಧಾರ ಎರಡು ಬಗೆಯಾಗಿ ಕೇಳಿ ಹಾಡುವವರ ಕಿವಿ ತಪ್ಪುತ್ತದೆ.

ಬೇಸಿಗೆಯಲ್ಲಿ ನಮ್ಮ ಕಡೆ 40 ಡಿಗ್ರಿ ದಾಟುತ್ತದೆ. ಮೊನೊಲಾಗ್, ಮಿನಿಲಾಗ್, ವೋಲ್ಕಾದಂಥ ಅನಲಾಗ್ ಸಿಂಥಿನ ಸೂರು ಬಿಸಿಗೆ ಸರಿಯುತ್ತದೆ. ಆನ್ ಮಾಡಿ 20 ನಿಮಿಷ ಬಿಟ್ಟು, ಆಮೇಲೆ ಅದರ ಆಟೋ ಟ್ಯೂನಿಂಗ್ ಒಮ್ಮೆ ನಡೆಸಿ, ನಂತರವೇ ಮೇಲಿನ ಹೊಂದಾಣಿಕೆ. ಹಾಡು ಹಿಡಿಯುವಾಗ ಫ್ಯಾನ್ ಆರಿಸಿ, ಗೋಡೆಗೆ ಕೌದಿ ಇಳಿಬಿಟ್ಟು ಕೂರಬೇಕಾಗುತ್ತದೆ. ಸಿಂಥಿಗೆ ಅದೇನೂ ಬೇಡ, ತಂತಿಯಲ್ಲಿ ಬರುವ ಸದ್ದಿಗೆ ಕೋಣೆಯ ಪ್ರತಿಧ್ವನಿ ಅಂಟುವುದಿಲ್ಲ. ಅದಕ್ಕೇ ಸಿಂಥನ್ನು ಬೇರೆಯಾಗಿ, ಫ್ಯಾನ್ ಹಾಕಿಕೊಂಡೇ ರೆಕಾರ್ಡ್ ಮಾಡುತ್ತೇನೆ.

ಗುಂಯ್ ಎಂಬ ಸದ್ದು ಬಂದರೆ ಮೂಲ ಹುಡುಕುವ ಕ್ರಮ ಇದು. ಮೊದಲು ಲ್ಯಾಪ್‌ಟಾಪಿನ ಚಾರ್ಜರ್ ಕೀಳಿ. ಸದ್ದು ನಿಂತರೆ ಅದು ಯುಎಸ್‌ಬಿ ತಂತಿಯ ಮೂಲಕ ಸುತ್ತುತ್ತಿದ್ದ ಗ್ರೌಂಡ್ ಲೂಪ್, ಅಂದರೆ ಎರಡು ಸಾಧನಗಳ ಗ್ರೌಂಡ್ ತಂತಿಗಳು ಕೂಡಿ ಆದ ಸುತ್ತು. ನಿಲ್ಲದಿದ್ದರೆ ಸಿಂಥನ್ನು ಸೆಲ್ ಮೇಲೆ ನಡೆಸಿ ನೋಡಿ. ಲೂಪ್ ಆಗಿದ್ದರೆ ಮಿಡಿಯನ್ನು ಯುಎಸ್‌ಬಿ ಬಿಟ್ಟು ಐದು ಪಿನ್ನಿನ ಹಳೆಯ ಕೇಬಲ್ಲಿನಲ್ಲಿ ಕಳಿಸಿ, ಅದರಲ್ಲಿ ಸಂಕೇತ ಬೆಳಕಿನ ಮೂಲಕ ದಾಟುವುದರಿಂದ ಎರಡೂ ಕಡೆಯ ಗ್ರೌಂಡ್ ಕೂಡುವುದಿಲ್ಲ. ಅರ್ಥಿಂಗ್ ಪಿನ್ ಮುರಿದು ಸದ್ದು ನಿಲ್ಲಿಸುವವರಿದ್ದಾರೆ. ಅದು ಜೀವಕ್ಕೆ ಅಪಾಯ, ಎಂದೂ ಮಾಡಬೇಡಿ. ಕರೆಂಟು ಹೋಗಿ ಇನ್ವರ್ಟರ್ ಹತ್ತಿದಾಗ ಬರುವ ಗರಗರ ಬೇರೆಯದು: ಅಗ್ಗದ ಇನ್ವರ್ಟರಿನ ಚೌಕ ಅಲೆ ಅಡಾಪ್ಟರ್ ದಾಟಿ ಬಂದಿರುತ್ತದೆ. ಆಗ ಲ್ಯಾಪ್‌ಟಾಪೂ ಸಿಂಥೂ ಎರಡೂ ಬ್ಯಾಟರಿ ಮೇಲೆ. ರೀಚಾರ್ಜ್ ಸೆಲ್ ಒಂದೊಂದು 1.2 ವೋಲ್ಟ್, ಆರು ಸೇರಿ 7.2 ವೋಲ್ಟಷ್ಟೇ. ಯಾವ ಜಾತಿಯ ಸೆಲ್ ಎಂದು ಸಿಂಥಿಗೆ ತಿಳಿಸದಿದ್ದರೆ ಬ್ಯಾಟರಿ ಗುರುತು ಸುಳ್ಳು ಹೇಳುತ್ತದೆ.

ಅಡಾಪ್ಟರ್ ಬಗ್ಗೆ ಒಂದು ಎಚ್ಚರಿಕೆ. ವೋಲ್ಕಾಗೆ 9 ವೋಲ್ಟ್, ನಡುವಿನ ಪಿನ್ ಪ್ಲಸ್. ಗಿಟಾರ್ ಪೆಡಲಿನ ಅಡಾಪ್ಟರ್ ಕೂಡ 9 ವೋಲ್ಟ್, ಆದರೆ ನಡು ಮೈನಸ್. ತುದಿ ಬದಲಿಸಬಹುದಾದ ಬಹುಪಯೋಗಿ ಅಡಾಪ್ಟರ್ ಬಳಸುವವರು ಮೈಮೇಲಿನ ಗುರುತು ಓದಿಯೇ ಚುಚ್ಚಬೇಕು. ಹೊರದೇಶದಿಂದ ಬಂದ ಸೆಕೆಂಡ್ ಹ್ಯಾಂಡ್ ಸಿಂಥಿನ ಅಡಾಪ್ಟರ್ 100 ಅಥವಾ 120 ವೋಲ್ಟಿನದಾಗಿದ್ದರೆ ನಮ್ಮ 230ಕ್ಕೆ ಹಾಕಿದ ಕ್ಷಣವೇ ಸುಡುತ್ತದೆ.

ಲೆವೆಲ್ ಸರಳ. ಸಿಂಥಿನ ವಾಲ್ಯೂಮ್ ಮುಕ್ಕಾಲು, ಇಂಟರ್‌ಫೇಸ್ ಲೈನ್ ಮೋಡಿನಲ್ಲಿ, ಅತಿ ಜೋರಾದ ಜಾಗದಲ್ಲಿ ಮೀಟರ್ −12 ಡಿಬಿ. 24 ಬಿಟ್, 48 ಕಿಲೋಹರ್ಟ್ಜ್‌ನಲ್ಲಿ ಸ್ಟೀರಿಯೊ ಒಂದು ನಿಮಿಷಕ್ಕೆ 17 ಎಂಬಿಯಷ್ಟು ಜಾಗ ತಿನ್ನುತ್ತದೆ. ಸದ್ದಿನ ಜೊತೆ ಮಿಡಿಯನ್ನೂ ಹಿಡಿಯಿರಿ, ತಪ್ಪಿದ ಒಂದು ಸ್ವರಕ್ಕೆ ಇಡೀ ಹಾಡು ಮತ್ತೆ ಬಾರಿಸಬೇಕಿಲ್ಲ. ಆಗ ಒಂದೊಂದು ಸ್ವರ ಎರಡೆರಡು ಸಲ ನುಡಿದು ಸದ್ದು ಸವಕಲಾದರೆ ಸಿಂಥಿನ ‘ಲೋಕಲ್’ ಆಫ್ ಮಾಡಿ: ಕೀ ಒತ್ತಿದಾಗ ಒಮ್ಮೆ, ಕಂಪ್ಯೂಟರಿನಿಂದ ಮರಳಿ ಬಂದಾಗ ಇನ್ನೊಮ್ಮೆ ನುಡಿಯುತ್ತಿರುತ್ತದೆ.

ಸೆಕೆಂಡ್ ಹ್ಯಾಂಡ್ ನೋಡಲು ಹೋಗುವಾಗ ಆರು ಎಎ ಸೆಲ್, ಹೆಡ್‌ಫೋನ್, ಒಂದು ಕಾಲಿಂಚಿನ ಕೇಬಲ್ ಚೀಲದಲ್ಲಿರಲಿ. ಪ್ರತಿ ಕೀಯನ್ನೂ ಮೆಲ್ಲಗೊಮ್ಮೆ, ಜೋರಾಗೊಮ್ಮೆ ಒತ್ತಿ. ಸ್ವರ ಹಿಡಿದಿಟ್ಟು ಒಂದೊಂದೇ ನಾಬ್ ಪೂರ್ತಿ ತಿರುಗಿಸಿ. ಕರಕರ ಎಂದರೆ ಧೂಳು, ಕಾಂಟ್ಯಾಕ್ಟ್ ಕ್ಲೀನರಿಗೆ ಹೋಗುತ್ತದೆ. ಮೌಲ್ಯ ಹಿಂದೆ ಮುಂದೆ ಹಾರಿದರೆ ನಾಬೇ ಸವೆದಿದೆ, ಬಿಟ್ಟುಬಿಡಿ. ಔಟ್ ಪಿನ್ ಅಲುಗಾಡಿಸಿದಾಗ ಸದ್ದು ತುಂಡಾದರೆ ಬೆಸುಗೆ ಬಿಟ್ಟಿದೆ. ರಿಫೇಸ್ ಸಿಎಸ್ ಕೊಳ್ಳುವವರಿಗೆ ಇನ್ನೊಂದು ಮಾತು: ಅದರಲ್ಲಿ ಟೋನ್ ಉಳಿಸಿಡುವ ಮೆಮೊರಿ ಇಲ್ಲ. ಪ್ರತಿ ಹಾಡಿಗೂ ಸ್ಲೈಡರುಗಳ ಫೋಟೊ ತೆಗೆದು, ಹಾಡಿನ ಹೆಸರು, ಸಾ, ಮಾಸ್ಟರ್ ಟ್ಯೂನಿನ ಸೆಂಟ್ ಇಷ್ಟನ್ನೂ ಬರೆದು, ರೆಕಾರ್ಡಿಂಗ್ ಇರುವ ಫೋಲ್ಡರಿನಲ್ಲೇ ಇಡಿ.