ಬ್ಯಾಡಗಿ ಕಡ್ಡಿಯ ಎತ್ತರ ಇಳಿಸಿದ್ದು: ನನ್ನ ಅನುಭವ

ಎರೆ ಹೊಲದಲ್ಲಿ ಬ್ಯಾಡಗಿ ಕಡ್ಡಿ ಎಂಬ ಮೆಣಸಿನಕಾಯಿ ತಳಿ ಸೊಂಟಮಟ್ಟ ಬೆಳೆದು, ಕಾಯಿಭಾರಕ್ಕೆ ಗಾಳಿಮಳೆಯಲ್ಲಿ ಕವಲು ಸೀಳುತ್ತದೆ. ಬಣ್ಣ, ಸುಕ್ಕು ಉಳಿಸಿಕೊಂಡು ಎತ್ತರ ಮಾತ್ರ ಇಳಿಸಬೇಕಿತ್ತು. ಎರಡು ತಳಿ ಕೂಡಿಸಲು ತಾಯಿಗೆ ಕಡ್ಡಿ, ತಂದೆಗೆ ಕಾಯಿ ಗೊಂಚಲಾಗಿ ಮೇಲ್ಮುಖವಾಗಿ ಬಿಡುವ ಮೊಣಕಾಲೆತ್ತರದ ಮೆಣಸಿನಗಿಡ ಹಿಡಿದೆ.

ಮರುದಿನ ಅರಳುವ ಮೊಗ್ಗನ್ನು ಸಂಜೆ ಆರಿಸಬೇಕು: ಬೆಳ್ಳಗೆ ಉಬ್ಬಿರಬೇಕು, ಬಾಯಿ ಬಿಟ್ಟಿರಬಾರದು. ಚಿಮಟದಿಂದ ದಳ ಸರಿಸಿ ಪರಾಗದ ಪುಡಿ ತುಂಬಿದ ಐದಾರು ಪರಾಗಕೋಶ ಕಿತ್ತೆ. ಒಂದು ಒಡೆದು ಪುಡಿ ಉದುರಿದ್ದರೂ ಆ ಮೊಗ್ಗು ಕಿತ್ತೊಗೆಯುವುದೇ ವಾಸಿ, ಅದು ತನ್ನದೇ ಪರಾಗದಿಂದ ಕೂಡಿರಬಹುದು. ಬೆಳಿಗ್ಗೆ ತಂದೆ ಗಿಡದ ಪರಾಗ ಸವರಿ, ತೊಟ್ಟಿಗೆ ಕೆಂಪು ನೂಲು ಕಟ್ಟಿದೆ. ರಾಣೆಬೆನ್ನೂರು ಕಡೆ ಬೀಜದ ಪ್ಲಾಟಿನಲ್ಲಿ ಕ್ರಾಸಿಂಗ್ ಮಾಡುವ ಹೆಣ್ಣುಮಕ್ಕಳ ಕೈ ಇದಕ್ಕೆ ಪಳಗಿರುತ್ತದೆ. ಹೊಸಬರು ಕೀಲಾಗ್ರಕ್ಕೇ (ಹೂವಿನ ನಡುವೆ ಪರಾಗ ಹಿಡಿಯುವ ತುದಿ) ಚಿಮಟ ತಾಗಿಸುತ್ತಾರೆ, ಹೂ ಉದುರುತ್ತದೆ.

ಮೊದಲ ಪೀಳಿಗೆ ನೋಡಿ ಎದೆಗುಂದಬಾರದು. ಗೊಂಚಲು ಗುಣ, ಕಾಯಿ ಮೇಲ್ಮುಖವಾಗುವ ಗುಣ ಎರಡೂ ಅಡಗುವಂಥವು, ಅದರಲ್ಲಿ ಕಾಣುವುದಿಲ್ಲ. ಎರಡನೇ ಪೀಳಿಗೆಯಲ್ಲಿ ಒಂದೊಂದೂ ಸುಮಾರು ಕಾಲು ಪಾಲು ಗಿಡಗಳಲ್ಲಿ ಹೊರಬರುತ್ತದೆ. ಎತ್ತರಕ್ಕೆ ಇಂಥ ಸರಳ ಲೆಕ್ಕವಿಲ್ಲ, ಹಲವು ಜೀನು (ವಂಶವಾಹಿ) ಕೂಡಿ ಆಡಿಸುತ್ತವೆ. ಅದಕ್ಕೇ 200 ಅಗಿಗಿಂತ (ಸಸಿ) ಕಡಿಮೆ ಹಚ್ಚಲಿಲ್ಲ. ಎಲ್ಲಕ್ಕೂ 2 ಅಡಿ ಅಂತರ, ಒಂದೇ ಅಳತೆಯ ಗೊಬ್ಬರ. ಬದುವಿನ ಸಾಲು ಲೆಕ್ಕಕ್ಕಿಲ್ಲ, ಬಿಸಿಲು ಹೆಚ್ಚು ಸಿಕ್ಕಿ ಅಳತೆ ಕೆಡುತ್ತದೆ.

ಹೆಚ್ಚಿನವರು ಎಡವುವುದು ಆಯ್ಕೆಯಲ್ಲಿ. ಗಿಡ್ಡಗಿರುವ ಗಿಡವೆಲ್ಲ ಗಿಡ್ಡ ತಳಿಯಲ್ಲ. ಥ್ರಿಪ್ಸ್, ನುಸಿ ಹತ್ತಿ ಎಲೆ ಮುದುಡುವ ಮುಟುರು ರೋಗ ಬಂದ ಗಿಡವೂ ಗಿಡ್ಡಗೆ ಒತ್ತಾಗಿ ಕಾಣುತ್ತದೆ, ಅದರ ಬೀಜ ಹಾಕಿದರೆ ಮತ್ತೆ ಎತ್ತರದ ಗಿಡವೇ. ಎಲೆ ಮುದುಡಿದ್ದರೆ ಆ ಗಿಡ ಅಳೆಯಲೇ ಬೇಡಿ. ನಾಟಿಯಾದ 60 ದಿನಕ್ಕೆ ನೆಲದಿಂದ ಮೊದಲ ಕವಲಿನವರೆಗೆ ಅಳೆದು, ನಡುವಿನ ಗೆಣ್ಣು ಎಣಿಸಿ ಭಾಗಿಸಿದೆ. ಗೆಣ್ಣಂತರ ಕಿರಿದಾಗಿ ಎಲೆ ಅಗಲವಾಗಿದ್ದದ್ದೇ ನನಗೆ ಬೇಕಿದ್ದ ಗಿಡ.

ಕವಲು ತೀರಾ ಕೆಳಗಾದರೂ ಕಷ್ಟ. ಕಡ್ಡಿ ಕಾಯಿಯೇ ಅರ್ಧ ಗೇಣಿಗಿಂತ ಉದ್ದ. ಕವಲು ಗೇಣಿಗಿಂತ ಕೆಳಗಿದ್ದರೆ ತುದಿ ಮಣ್ಣಿಗೆ ತಾಗಿ ಕೊಳೆಯುತ್ತದೆ. ಒತ್ತೊತ್ತಾದ ಗಿಡದೊಳಗೆ ಇಬ್ಬನಿ ಬೇಗ ಆರುವುದಿಲ್ಲ, ಅದೂ ಹಣ್ಣು ಕೊಳೆಗೆ ದಾರಿ. ಹಾಗಾಗಿ ತೀರಾ ಗಿಡ್ಡಾದ ಹತ್ತಾರು ಗಿಡ ಕಿತ್ತುಹಾಕಿದೆ.

ಆರಿಸಿದ್ದರಲ್ಲಿ ಕಾಯಿ ಚಿಕ್ಕದು, ಸುಕ್ಕು ಸಾಲದು. ಅದಕ್ಕೆ ಮತ್ತೆ ಕಡ್ಡಿಗೇ ಕೂಡಿಸಬೇಕಾಯಿತು. ಆ ಪೀಳಿಗೆಯಲ್ಲಿ ಗೊಂಚಲು ಗುಣ ಪುನಃ ಅಡಗುತ್ತದೆ, ಒಂದು ಸಲ ಸ್ವಂತ ಪರಾಗದಲ್ಲೇ ಬೀಜ ಮಾಡಿದ ಮೇಲೆಯೇ ಆರಿಸಬೇಕು. ಆದರೆ ನೆರೆಹೊಲದ ಜೇನು ಬಿಡುವುದಿಲ್ಲ, ಬೇರೆ ಗಿಡದ ಪರಾಗ ತಂದು ಸೇರಿಸುತ್ತದೆ. ಮೂಲಬೀಜಕ್ಕೆ (ಫೌಂಡೇಶನ್ ಬೀಜ) ಬೇರೆ ಮೆಣಸಿನ ಹೊಲದಿಂದ 400 ಮೀಟರ್ ಅಂತರ ಎನ್ನುತ್ತದೆ ನಿಯಮ, ಎರಡೆಕರೆಯವರಿಗೆ ಅದೆಲ್ಲಿಯದು? ಮೊಗ್ಗಿರುವಾಗಲೇ ಕೊಂಬೆಗೆ ಸೊಳ್ಳೆಪರದೆಯ ಚೀಲ ಕಟ್ಟಿ, ಕಾಯಿ ಕಚ್ಚಿದ ಮೇಲೆ ಬಿಚ್ಚಿದೆ.