ಕಡಲಿನ ವರದಿಗೆ ತಂಡ ಕಟ್ಟುವುದು ಹೇಗೆ: ಒಂದು ಬಂದರು, ಒಂದು ವರ್ಷ

ಕರ್ನಾಟಕದ ಕರಾವಳಿ ಕಾರವಾರದ ಮಾಜಾಳಿಯಿಂದ ಮಂಗಳೂರಿನ ತಲಪಾಡಿಯವರೆಗೆ ಸುಮಾರು 320 ಕಿಲೋಮೀಟರ್ ಉದ್ದವಿದೆ. ಪತ್ರಕರ್ತರೂ ಸಾಕ್ಷ್ಯಚಿತ್ರಕಾರರೂ ಸೇರಿ ಕಡಲಿನ ಬಗ್ಗೆ ಕೆಲಸ ಮಾಡಲು ಹೊರಟಾಗ, ಇಷ್ಟನ್ನೂ ಒಂದೇ ವಾರದಲ್ಲಿ ಸುತ್ತಿ ಮುಗಿಸುವ ಆಸೆ ಹುಟ್ಟುವುದು ಸಹಜ. ಹಾಗೆ ಸುತ್ತಿದವರ ಕೈಗೆ ಸಿಗುವುದು ಒಂದಷ್ಟು ಡ್ರೋನ್ ದೃಶ್ಯಗಳು, ನಾಲ್ಕಾರು ಮಂದಿಯ ಅಳಲು, ಅಧಿಕಾರಿಯೊಬ್ಬರ ಭರವಸೆ, ಅಷ್ಟೇ. ಮಲ್ಪೆಯೋ ಗಂಗೊಳ್ಳಿಯೋ ಹೊನ್ನಾವರವೋ, ಯಾವುದಾದರೂ ಒಂದೇ ಬಂದರನ್ನು ಆರಿಸಿಕೊಂಡು ಒಂದು ವರ್ಷ ಅದರ ಬೆನ್ನು ಹತ್ತುವುದು ಹೆಚ್ಚು ಫಲ ಕೊಡುತ್ತದೆ ಎಂಬುದು ಈ ಬರಹದ ನಿಲುವು.

ಕಡಲಿನ ಲೆಕ್ಕ ವರ್ಷದ ಲೆಕ್ಕವಾಗಿರುವುದೇ ಇದಕ್ಕೆ ಕಾರಣ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಆಗ ಬೋಟುಗಳೆಲ್ಲ ಬೋಟು ಕಟ್ಟುವ ದಕ್ಕೆಯಲ್ಲಿ ಒತ್ತೊತ್ತಾಗಿ ನಿಂತಿದ್ದರೆ, 10 ಅಶ್ವಶಕ್ತಿಯೊಳಗಿನ ಎಂಜಿನ್ ಕಟ್ಟಿದ ನಾಡದೋಣಿಗಳು ಮಳೆಗಾಲದ ಅಲೆಗಳ ನಡುವೆ, ನದಿ ಕಡಲು ಸೇರುವ ಅಳಿವೆ ಬಾಗಿಲು ದಾಟುವ ಸಾಹಸಕ್ಕೆ ಇಳಿದಿರುತ್ತವೆ. ಕಡಲ್ಕೊರೆತದ ಸುದ್ದಿಯೂ ಅದೇ ತಿಂಗಳುಗಳದ್ದು. ಆಗಸ್ಟ್‌ನಲ್ಲಿ ಬೋಟುಗಳು ಮತ್ತೆ ಕಡಲಿಗಿಳಿಯುತ್ತವೆ, ಚಳಿಗಾಲದಲ್ಲಿ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆಯಿಡಲು ದಡಕ್ಕೆ ಬರುತ್ತವೆ. ಜನವರಿಯಲ್ಲಿ ಬಂದು ಹೋದ ತಂಡಕ್ಕೆ ಇದರಲ್ಲಿ ಮುಕ್ಕಾಲು ಪಾಲು ಕಾಣುವುದೇ ಇಲ್ಲ.

ತಂಡ ದೊಡ್ಡದಿರಬೇಕಾಗಿಲ್ಲ. ಕಡತ ಓದಬಲ್ಲ ಒಬ್ಬ ವರದಿಗಾರ, ಒಬ್ಬ ಛಾಯಾಗ್ರಾಹಕ, ಒಬ್ಬ ಧ್ವನಿಗ್ರಾಹಕ, ಆ ಬಂದರಿನಲ್ಲೇ ಹುಟ್ಟಿ ಬೆಳೆದ ಒಬ್ಬರು, ಇಷ್ಟು ಸಾಕು. ನಾಲ್ಕನೆಯವರನ್ನು ದಾರಿ ತೋರಿಸುವವರೆಂದು ದಿನಗೂಲಿಯ ಮೇಲೆ ಕರೆದುಕೊಳ್ಳುವ ರೂಢಿಯಿದೆ; ಅದು ಸರಿಯಲ್ಲ. ತುಳು, ಕುಂದಗನ್ನಡ, ಬ್ಯಾರಿ, ಖಾರ್ವಿಗಳ ಕೊಂಕಣಿ, ಭಟ್ಕಳದ ನವಾಯತಿ ಹೀಗೆ ಹತ್ತಿಪ್ಪತ್ತು ಮೈಲಿಗೊಮ್ಮೆ ಮಾತು ಬದಲಾಗುವ ಕರಾವಳಿಯಲ್ಲಿ, ಯಾರನ್ನು ಏನು ಕೇಳಬೇಕು, ಯಾವುದನ್ನು ಯಾರೆದುರು ಕೇಳಬಾರದು ಎಂಬುದನ್ನು ತೀರ್ಮಾನಿಸುವವರೇ ಅವರು. ಆದ್ದರಿಂದ ಅವರಿಗೆ ಉಳಿದವರಷ್ಟೇ ಸಂಭಾವನೆಯೂ ಚಿತ್ರದ ಹೆಸರುಪಟ್ಟಿಯಲ್ಲಿ ಜಾಗವೂ ಸಲ್ಲಬೇಕು. ಬೋಟಿನಲ್ಲಿ ದುಡಿಯುವವರಲ್ಲಿ ಒಡಿಶಾ, ಆಂಧ್ರ, ಜಾರ್ಖಂಡ್ ಕಡೆಯವರು ಬಹಳ ಮಂದಿ ಇರುವುದರಿಂದ, ಅವರ ಭಾಷೆ ಬಲ್ಲವರು ಒಬ್ಬರಾದರೂ ಫೋನಿನಲ್ಲಿ ಸಿಗುವಂತಿರಲಿ. ಹಣ ಸಾಲದೆ ಏನನ್ನಾದರೂ ಕೈಬಿಡಬೇಕಾದರೆ ಡ್ರೋನನ್ನು ಬಿಡಿ, ಧ್ವನಿಗ್ರಾಹಕರನ್ನು ಬಿಡಬೇಡಿ.

ಕ್ಯಾಮೆರಾ ಹಿಡಿದು ನೇರವಾಗಿ ಬೋಟು ಹತ್ತುವ ಮೊದಲು ಕೆಲವು ವಾರಗಳನ್ನು ದಡದಲ್ಲಿ ಕಳೆಯಬೇಕು. ಬೆಳಗಿನ ಜಾವದ ಹರಾಜಿನಲ್ಲಿ ಯಾವ ಮೀನು ಎಷ್ಟಕ್ಕೆ ಹೋಯಿತು, ಬೋಟಿನ ಮಾಲೀಕನಿಗೆ ಸಾಲ ಕೊಟ್ಟವನೇ ಮೀನನ್ನೂ ಕೊಳ್ಳುತ್ತಾನೆಯೇ, ಡೀಸೆಲ್ ಸಬ್ಸಿಡಿ ಯಾರ ಖಾತೆಗೆ ಬೀಳುತ್ತದೆ, ಬೋಟು ನಡೆಸುವ ತಾಂಡೇಲನ ಪಾಲೆಷ್ಟು, ಅದರಲ್ಲಿ ದುಡಿಯುವ ಕಲಾಸಿಗಳ ಪಾಲೆಷ್ಟು, ಇವೆಲ್ಲ ತಿಳಿದ ಮೇಲಷ್ಟೇ ಕಡಲಿನಲ್ಲಿ ಕಾಣುವುದಕ್ಕೆ ಅರ್ಥ ಬರುತ್ತದೆ. ಉದಾಹರಣೆಗೆ, ಅಂಗೈಯಲ್ಲಿ ಅಡಗುವಷ್ಟು ಚಿಕ್ಕ ಬಂಗುಡೆ, ಭೂತಾಯಿ ಮೀನುಮರಿಗಳ ರಾಶಿ ದಕ್ಕೆಯಲ್ಲಿ ಬಿದ್ದಿರುವುದನ್ನು ಚಿತ್ರಿಸುವುದು ಸುಲಭ. ಆ ರಾಶಿ ಯಾವ ಲಾರಿ ಹತ್ತಿತು, ಯಾವ ಫಿಶ್‌ಮೀಲ್ ಕಾರ್ಖಾನೆಗೆ ಹೋಯಿತು, ಅಲ್ಲಿ ಹುಡಿಯೂ ಎಣ್ಣೆಯೂ ಆಗಿ ಯಾವ ಸಿಗಡಿ ಸಾಕಣೆಯ ಕೊಳ ಸೇರಿತು ಎಂದು ಬೆನ್ನು ಹತ್ತುವುದರಲ್ಲಿ ನಿಜವಾದ ವರದಿಯಿದೆ. ಮರಿಮೀನನ್ನು ಚಿತ್ರಿಸುವಾಗ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು, ದಿನಾಂಕ, ಬಲೆಯ ಬಗೆ, ಬಲೆ ಬೀಸಿದಾಗಿನ ಆಳ ಬರೆದುಕೊಳ್ಳಬೇಕು. ಮೀನುಗಾರರು ಆಳವನ್ನು ಮಾರುಗಳಲ್ಲಿ ಹೇಳುತ್ತಾರೆ, ದೂರವನ್ನು ನಾಟಿಕಲ್ ಮೈಲಿಗಳಲ್ಲಿ. ದೂರವನ್ನು ಕೇಳಲು ಎಂದೂ ಮರೆಯಬಾರದು, ಏಕೆಂದರೆ 12 ನಾಟಿಕಲ್ ಮೈಲಿಯವರೆಗಿನ ಮೀನುಗಾರಿಕೆ ರಾಜ್ಯದ ಹಿಡಿತದಲ್ಲಿದ್ದು, ಅಲ್ಲಿಂದ 200 ನಾಟಿಕಲ್ ಮೈಲಿಯವರೆಗಿನದು ಕೇಂದ್ರದ್ದು. ಕೇಂದ್ರ ಸರ್ಕಾರ 2017ರ ನವೆಂಬರ್‌ನಲ್ಲೇ ನಿಷೇಧಿಸಿದ ಲೈಟ್ ಫಿಶಿಂಗ್ (ಪ್ರಖರ ದೀಪ ಹಾಕಿ ಮೀನು ಸೆಳೆದು ಹಿಡಿಯುವುದು) ಕುರಿತ ಜಗಳವನ್ನು ವರದಿ ಮಾಡುವಾಗ, ಬೋಟು ಆ ಗೆರೆಯ ಯಾವ ಬದಿಯಲ್ಲಿತ್ತು ಎಂಬುದು ತಿಳಿಯದೆ ಯಾರನ್ನು ಉತ್ತರದಾಯಿ ಮಾಡಬೇಕೆಂದೇ ಗೊತ್ತಾಗುವುದಿಲ್ಲ.

ಬಂದರು ವಿಸ್ತರಣೆ, ಹೊಸ ಖಾಸಗಿ ಬಂದರು, ತಡೆಗೋಡೆ ಮುಂತಾದ ಕಾಮಗಾರಿಗಳ ವಿಷಯದಲ್ಲಿ ಕಡತವೇ ಮೊದಲು. ಕರಾವಳಿ ನಿಯಂತ್ರಣ ವಲಯದ 2011ರ ಮತ್ತು 2019ರ ಎರಡೂ ಅಧಿಸೂಚನೆಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಬೇಕು. ಗ್ರಾಮೀಣ ಕರಾವಳಿಯಲ್ಲಿ, ಉಬ್ಬರದ ನೀರು ಮುಟ್ಟುವ ಭರತದ ಗೆರೆಯಿಂದ 200 ಮೀಟರ್ ಇದ್ದ ನಿರ್ಮಾಣ ನಿಷೇಧಿತ ವಲಯವು, 2019ರ ಅಧಿಸೂಚನೆಯ ಪ್ರಕಾರ, ಚದರ ಕಿಲೋಮೀಟರಿಗೆ 2161ಕ್ಕಿಂತ ಹೆಚ್ಚು ಜನಸಾಂದ್ರತೆಯಿರುವ ಕಡೆ 50 ಮೀಟರಿಗೆ ಇಳಿದಿದೆ. ನಿಮ್ಮ ಊರು ಯಾವ ವರ್ಗಕ್ಕೆ ಸೇರಿದೆ ಎಂಬುದನ್ನು ಕರಾವಳಿ ವಲಯ ನಿರ್ವಹಣಾ ಯೋಜನೆಯ ನಕ್ಷೆಯಲ್ಲಿ ಹುಡುಕಬೇಕೇ ಹೊರತು ಊರವರ ಮಾತನ್ನಾಗಲೀ ಕಂಪನಿಯ ಮಾತನ್ನಾಗಲೀ ನೆಚ್ಚಬಾರದು. ಚಿತ್ರ ಮಾಡುವವರಿಗೆ ಹೆಚ್ಚು ಉಪಯೋಗಕ್ಕೆ ಬರುವ ಸಂಗತಿ ಇನ್ನೊಂದಿದೆ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ನಡೆಯುವ ಸಾರ್ವಜನಿಕ ಅಹವಾಲು ಸಭೆಗೆ ಕನಿಷ್ಠ 30 ದಿನ ಮುಂಚೆ ಪ್ರಕಟಣೆ ಕೊಡಬೇಕು, ಪರಿಸರ ಪರಿಣಾಮ ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿಯೂ ಇರಬೇಕು, ಸಭೆಯ ಪೂರ್ಣ ಕಲಾಪವನ್ನು ವಿಡಿಯೋ ಮಾಡಲೇಬೇಕು. ಅಂದರೆ ವರ್ಷಗಳ ಹಿಂದೆ ನಡೆದ ಸಭೆಯಲ್ಲಿ ಯಾರು ಏನು ಹೇಳಿದರು ಎಂಬುದರ ದೃಶ್ಯ ಸರ್ಕಾರದ ಬಳಿಯೇ ಇರಬೇಕು. ಮಾಹಿತಿ ಹಕ್ಕಿನಡಿ ಅದನ್ನು ಕೇಳಬಹುದು. ಸಿಗದಿದ್ದರೆ ಅದೂ ಸುದ್ದಿಯೇ.

ಅಂಕಿಅಂಶಗಳ ವಿಷಯದಲ್ಲಿ ಮೂರು ಎಚ್ಚರಿಕೆ ಬೇಕು. ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಪ್ರತಿವರ್ಷ ಕೊಡುವುದು ದಡಕ್ಕೆ ಬಂದ ಮೀನಿನ ಅಂದಾಜು, ಕಡಲಿನಲ್ಲಿರುವ ಮೀನಿನ ಲೆಕ್ಕವಲ್ಲ; ಇಳುವರಿ ಇಳಿದ ಮಾತ್ರಕ್ಕೆ ಮೀನು ಮುಗಿಯಿತೆಂದು ಬರೆಯುವಂತಿಲ್ಲ. ಸಂಸ್ಥೆಯ ಮಂಗಳೂರು ಕೇಂದ್ರದಲ್ಲಿಯೂ, 1969ರಲ್ಲಿ ಆರಂಭವಾದ ಅಲ್ಲಿನ ಮೀನುಗಾರಿಕಾ ಕಾಲೇಜಿನಲ್ಲಿಯೂ ಇದನ್ನು ಬಿಡಿಸಿ ಹೇಳುವ ವಿಜ್ಞಾನಿಗಳಿದ್ದಾರೆ. ಉಪಗ್ರಹದಿಂದ ಹಡಗುಗಳ ಜಾಡು ತೋರಿಸುವ ಗ್ಲೋಬಲ್ ಫಿಶಿಂಗ್ ವಾಚ್‌ನಂಥ ನಕ್ಷೆಗಳು ಬಹುಪಾಲು, ದೊಡ್ಡ ಹಡಗುಗಳು ತಾವಿರುವ ಜಾಗವನ್ನು ಸಾರುವ ಎಐಎಸ್ ಸಂಕೇತವನ್ನು ಅವಲಂಬಿಸಿವೆ. ಚುಕ್ಕಿ ಕಾಣದಿದ್ದರೆ ಬೋಟು ಇರಲಿಲ್ಲವೆಂದು ಅರ್ಥವಲ್ಲ. ಕಡಲ್ಕೊರೆತಕ್ಕೆ ಸೆಂಟಿನೆಲ್-2 ಉಪಗ್ರಹದ ಉಚಿತ ಚಿತ್ರಗಳು ಸಾಕಾಗುತ್ತವೆ. ಆದರೆ ಮಳೆಗಾಲದಲ್ಲಿ ಮರಳು ಕೊಚ್ಚಿಹೋಗಿ ಬೇಸಿಗೆಯ ಹೊತ್ತಿಗೆ ಮರಳುವುದು ನಮ್ಮ ದಡದ ಸ್ವಭಾವವಾದ್ದರಿಂದ, ಜನವರಿಯ ಚಿತ್ರವನ್ನು ಆಗಸ್ಟ್‌ನದರೊಡನೆ ಹೋಲಿಸಿದರೆ ಯಾವ ಊರನ್ನಾದರೂ ಕಡಲು ನುಂಗುತ್ತಿದೆ ಎಂದು ತೋರಿಸಬಹುದು. ಜನವರಿಯನ್ನು ಜನವರಿಯೊಡನೆ, ಅದೂ ಉಬ್ಬರವಿಳಿತದ ಒಂದೇ ಮಟ್ಟದಲ್ಲಿ, ಹೋಲಿಸಬೇಕು.

ಕಡಲಿಗೆ ಹೊರಡುವ ದಿನ ಬಂದಾಗ ಮಾಲೀಕರ ಒಪ್ಪಿಗೆಯ ಜೊತೆಗೆ ತಾಂಡೇಲನ ಒಪ್ಪಿಗೆಯನ್ನೂ ಪಡೆಯಬೇಕು. ನೀರಿನ ಮೇಲೆ ಅವನ ಮಾತೇ ಕೊನೆ. ಕರಾವಳಿ ಕಾವಲು ಪೊಲೀಸ್ ಠಾಣೆಗೆ ಮುಂಚಿತವಾಗಿ ತಿಳಿಸಿ, ಗುರುತಿನ ಚೀಟಿ ಇಟ್ಟುಕೊಂಡು, ಬೋಟಿನವರು ಹಾಕಿಕೊಳ್ಳಲಿ ಬಿಡಲಿ, ತಂಡದವರೆಲ್ಲ ಜೀವರಕ್ಷಕ ಜಾಕೆಟ್ ಹಾಕಿಕೊಳ್ಳಬೇಕು. ತಟರಕ್ಷಣಾ ಪಡೆಯ ಸಹಾಯವಾಣಿ 1554, ಕರಾವಳಿ ಪೊಲೀಸರದು 1093. ಡ್ರೋನ್ ಹಾರಿಸುವವರು, ಎಲ್ಲಿ ಹಾರಿಸಬಹುದೆಂದು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯನ್ನು ಮೊದಲೇ ನೋಡಬೇಕು. ಕಾರವಾರದ ನೌಕಾನೆಲೆ, ಕೈಗಾ ಅಣುಸ್ಥಾವರ, ಮಂಗಳೂರಿನ ವಿಮಾನ ನಿಲ್ದಾಣಗಳ ಸುತ್ತ ಹುಡುಗಾಟಕ್ಕೆ ಎಡೆಯಿಲ್ಲ. ಚಲಿಸುವ ಬೋಟಿನಿಂದ ಹಾರಿಸಿದ ಡ್ರೋನ್, ಹೊರಟ ಜಾಗಕ್ಕೆ ಮರಳುವ ವ್ಯವಸ್ಥೆ ಬದಲಿಸದಿದ್ದರೆ, ಬೋಟು ಬಿಟ್ಟುಹೋದ ಜಾಗದಲ್ಲಿ ನೀರಿಗಿಳಿಯುತ್ತದೆ. ಎಸಿ ಕೋಣೆಯಿಂದ ತಂದ ಕ್ಯಾಮೆರಾದ ಮಸೂರ ಕರಾವಳಿಯ ಗಾಳಿಗೆ ಮಂಜಾಗುವುದರಿಂದ, ಮುಚ್ಚಿದ ಚೀಲದಲ್ಲೇ ಅರ್ಧ ಗಂಟೆ ಹೊರಗಿಟ್ಟು ಆಮೇಲೆ ತೆರೆಯಬೇಕು. ಎಂಜಿನ್ ಸದ್ದಿನಲ್ಲಿ ಸಂದರ್ಶನ ಮಾಡುವ ಹಟ ಬೇಡ. ಎಂಜಿನ್ ನಿಲ್ಲಿಸಿದ ಹೊತ್ತಿಗೆ ಕಾಯಿರಿ. ನೀರೊಳಗಿನ ಚಿತ್ರೀಕರಣಕ್ಕೆ ನಮ್ಮ ಕರಾವಳಿಯ ಬಹುಪಾಲು ಕಡೆ ನೀರು ತಿಳಿಯಿರುವುದಿಲ್ಲ. ಮುರ್ಡೇಶ್ವರದ ಆಚೆಯ ನೇತ್ರಾಣಿ ಮಳೆಗಾಲ ಕಳೆದ ಮೇಲೆ ಒಂದು ಅಪವಾದ. ಆಮೆಗಳ ವಿಷಯದಲ್ಲಿ ಅರಣ್ಯ ಇಲಾಖೆಯ ಅನುಮತಿಯಿಲ್ಲದೆಯಾಗಲೀ ಬಿಳಿ ಬೆಳಕಿನಲ್ಲಾಗಲೀ ಚಿತ್ರೀಕರಿಸುವ ಮಾತೇ ಬೇಡ.

ದುರಂತದ ಹೊತ್ತಿನಲ್ಲಿ ತಂಡದ ನಿಜವಾದ ಪರೀಕ್ಷೆ. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟು ಏಳು ಮಂದಿಯೊಡನೆ ಕಾಣೆಯಾಯಿತು. ಅವಶೇಷ ಮಹಾರಾಷ್ಟ್ರದ ಕರಾವಳಿಯಾಚೆ ಪತ್ತೆಯಾದುದು 2019ರ ಮೇ ತಿಂಗಳಲ್ಲಿ. ನಡುವಿನ ತಿಂಗಳುಗಳಲ್ಲಿ ಹಬ್ಬಿದ ಊಹಾಪೋಹಗಳ ಭಾರವನ್ನು ಹೊತ್ತವರು ಆ ಏಳು ಮನೆಯವರು. ಇಂಥ ಸಂದರ್ಭಕ್ಕೆ ನಿಯಮವನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು: ಯಾರು ಕಣ್ಣಾರೆ ಕಂಡದ್ದು, ಯಾರು ಕೇಳಿ ಹೇಳಿದ್ದು ಎಂಬುದನ್ನು ಬೇರ್ಪಡಿಸದೆ ಏನನ್ನೂ ಪ್ರಕಟಿಸಬಾರದು, ಮನೆಯವರಿಗೆ ತಿಳಿಸದೆ ಅವಶೇಷದ ಚಿತ್ರ ತೋರಿಸಬಾರದು. ಮಾತಾಡಿದವರ ಸುರಕ್ಷತೆಯ ವಿಷಯದಲ್ಲಿ ಅಸೋಸಿಯೇಟೆಡ್ ಪ್ರೆಸ್‌ನ ನಾಲ್ವರು ಪತ್ರಕರ್ತೆಯರು ಹಾಕಿಕೊಟ್ಟ ಮೇಲ್ಪಂಕ್ತಿಯಿದೆ. ಇಂಡೋನೇಷ್ಯಾದ ದ್ವೀಪವೊಂದರ ಬೆಂಜಿನಾ ಎಂಬ ಹಳ್ಳಿಯಲ್ಲಿ ಗುಲಾಮರಂತೆ ದುಡಿಯುತ್ತಿದ್ದ ಮೀನುಗಾರರನ್ನು ಕಂಡ ಅವರು, ಅಲ್ಲಿಂದ ಹೊರಟ ಹಡಗನ್ನು ಉಪಗ್ರಹದ ಮೂಲಕ ಥಾಯ್ಲೆಂಡ್‌ವರೆಗೆ, ಆಮೇಲೆ ಲಾರಿಗಳನ್ನು ಕಾರ್ಖಾನೆಗಳವರೆಗೆ ಹಿಂಬಾಲಿಸಿದರು. ಆದರೂ ಮುಖ ತೋರಿಸಿ ಮಾತಾಡಿದವರು ದ್ವೀಪದಿಂದ ಸುರಕ್ಷಿತವಾಗಿ ಹೊರಬರುವವರೆಗೆ ವರದಿಯನ್ನು ತಡೆಹಿಡಿದರು. ಮುಂದೆ 2000ಕ್ಕೂ ಹೆಚ್ಚು ಮಂದಿಗೆ ಬಿಡುಗಡೆ ಸಿಕ್ಕಿತು, ವರದಿಗೆ 2016ರ ಪುಲಿಟ್ಜರ್ ಬಂತು. ನಮ್ಮ ದಕ್ಕೆಗಳಲ್ಲಿ ಮಾತಾಡುವ ಕಲಾಸಿಗೆ ಮಾರನೆಯ ದಿನ ಕೆಲಸ ತಪ್ಪಬಹುದು ಎಂಬ ಎಚ್ಚರ ಇದೇ ಬಗೆಯದು.

ಸಿದ್ಧವಾದ ಚಿತ್ರವನ್ನು ಬೆಂಗಳೂರಿನ ಸಭಾಂಗಣಕ್ಕಿಂತ ಮೊದಲು ಆ ಬಂದರಿನಲ್ಲೇ ತೋರಿಸಬೇಕು. ಬೋಟುಗಳು ಮೇಲೆ ಬಂದಿರುವ ಜುಲೈ ತಿಂಗಳೇ ಅದಕ್ಕೆ ಸೂಕ್ತ. ತಪ್ಪು ಸಂಖ್ಯೆ, ತಪ್ಪು ಬಲೆಯ ಹೆಸರು ಅಲ್ಲಿ ತಕ್ಷಣ ಸಿಕ್ಕಿಬೀಳುತ್ತದೆ. ಬಳಸದೆ ಉಳಿದ ದೃಶ್ಯಗಳನ್ನು ಸ್ಥಳ, ದಿನಾಂಕ, ಜಿಪಿಎಸ್ ಗುರುತುಗಳೊಂದಿಗೆ ಪಟ್ಟಿಮಾಡಿ ಇಡಬೇಕು, ಏಕೆಂದರೆ ತಡೆಗೋಡೆ ಕಟ್ಟುವ ಮೊದಲಿನ ದಡ ಹೇಗಿತ್ತೆಂದು ಹತ್ತು ವರ್ಷಗಳ ನಂತರ ನ್ಯಾಯಾಲಯ ಕೇಳಿದಾಗ ಉಳಿದಿರುವ ಸಾಕ್ಷ್ಯ ಅದೊಂದೇ ಆಗಿರಬಹುದು. ಮೂರು ಪ್ರತಿಗಳಿರಲಿ, ಒಂದನ್ನು ಉಪ್ಪುಗಾಳಿ ಮುಟ್ಟದ ಘಟ್ಟದ ಮೇಲಿನ ಊರಿನಲ್ಲಿ, ಇನ್ನೊಂದನ್ನು ಆ ಬಂದರಿನ ಶಾಲೆಯಲ್ಲೋ ಮೀನುಗಾರರ ಸಹಕಾರ ಸಂಘದಲ್ಲೋ ಇಡಬೇಕು.