ವೀಸಾ ಬರೋತನಕ ವಿಜಯಪುರದಲ್ಲೇ ಇದ್ದೆ

"ಅಮೆರಿಕಾದಾಕಿ ಅಮೆರಿಕಾದಾಗ ಇದ್ರ ಗಂಡಗ ವೀಸಾ ಕೊಡ್ತಾರ. ನೀನ ಇಲ್ಲಿ ಬಂದು ಕುಂತ್ರ ಯಾಕ ಕೊಡ್ತಾರವಾ?"

ನಮ್ಮ ಸೋದರಮಾವ ಎರಡು ವರ್ಷದಲ್ಲಿ ಇದನ್ನು ಎಷ್ಟು ಸಲ ಕೇಳಿದರೋ ಲೆಕ್ಕ ಇಟ್ಟಿಲ್ಲ. ಬೆಂಗಳೂರಿನ ಒಬ್ಬ ಸಲಹೆಗಾರನೂ ಹೆಚ್ಚುಕಡಿಮೆ ಇದೇ ಮಾತು ಹೇಳಿ, ಎರಡು ಲಕ್ಷ ಕೊಟ್ಟರೆ ಪ್ರಯತ್ನ ಮಾಡ್ತೀನಿ ಅಂದಿದ್ದ. ನ್ಯೂಜೆರ್ಸಿಯಲ್ಲಿದ್ದ ಅಪ್ಪ ಮೂರು ತಿಂಗಳು ಫೋನಿನಲ್ಲಿ "ಆರಾಮ ಇದೀಯೇನು" ಬಿಟ್ಟು ಬೇರೆ ಮಾತೇ ಆಡಲಿಲ್ಲ. ಅವರ ಸಿಟ್ಟಿನಲ್ಲೂ ನ್ಯಾಯ ಇತ್ತು. ಕಾಕಾ ಹಾಕಿದ ಅರ್ಜಿ ಮೇಲೆ ಹನ್ನೆರಡು-ಹದಿಮೂರು ವರ್ಷ ಕಾದು, 2012ರಲ್ಲಿ ಬಾಗಲಕೋಟೆಯ ನವನಗರದಿಂದ ನಮ್ಮನ್ನೆಲ್ಲ ಕಟ್ಟಿಕೊಂಡು ಹೋದವರು ಅವರು. 2018ರಲ್ಲಿ ನಾನು ಸಿಟಿಜನ್ ಆದೆ. ಅಂಥ ಮಗಳು ತಿರುಗಿ ವಿಜಯಪುರಕ್ಕೆ ಬಂದು ಅತ್ತೆ ಮನೆಯಲ್ಲಿ ರೊಟ್ಟಿ ಬಡೀತಾಳೆ ಅಂದರೆ ಯಾವ ಅಪ್ಪನಿಗೆ ಸೇರುತ್ತದೆ?

ಈಗ ನಮ್ಮವರು ಪಕ್ಕದ ಕೋಣೆಯಲ್ಲಿ ಗೊರಕೆ ಹೊಡೀತಿದ್ದಾರೆ, ನ್ಯೂಜೆರ್ಸಿಯಲ್ಲೇ. ವಕೀಲರಿಲ್ಲ, ಸಲಹೆಗಾರರಿಲ್ಲ, ಫಾರ್ಮೆಲ್ಲ ನಾನೇ ತುಂಬಿದ್ದು. ಅದಕ್ಕೇ ಧೈರ್ಯ ಮಾಡಿ ಬರೀತಿದ್ದೀನಿ. ಐ-130 ಅಂದರೆ ಗಂಡನನ್ನು ಕರೆಸಿಕೊಳ್ಳಲು ಹೆಂಡತಿ ಹಾಕುವ ಅರ್ಜಿ, ಎನ್‌ವಿಸಿ ಅಂದರೆ ಇಂಟರ್‌ವ್ಯೂಗೆ ಮೊದಲು ಕಾಗದಪತ್ರ ನೋಡುವ ಅಮೆರಿಕಾದ ವೀಸಾ ಕೇಂದ್ರ, ಡಿಎಸ್-260 ಅಂದರೆ ಗಂಡನ ವೀಸಾ ಅರ್ಜಿ. ಇದಕ್ಕಿಂತ ಹೆಚ್ಚು ವಿವರಿಸಲು ಹೋಗಲ್ಲ. ಇದನ್ನು ಓದುವಷ್ಟು ತಾಳ್ಮೆ ಇರೋರಿಗೆ ಅವು ಈಗಾಗಲೇ ನಿದ್ದೆಯಲ್ಲೂ ಬರುತ್ತಿರುತ್ತವೆ.

ಮದುವೆ ಆಗಿದ್ದು 2021ರ ಡಿಸೆಂಬರ್. ನಾನು ವಿದೇಶಿ ಪಾಸ್‌ಪೋರ್ಟಿನವಳು ಅಂತ ವಿಶೇಷ ವಿವಾಹ ಕಾಯ್ದೆ ಅಡಿಯಲ್ಲೇ ನೋಂದಣಿ ಆಗಬೇಕು ಅಂದರು. ಮೂವತ್ತು ದಿನ ನೋಟಿಸ್ ಬೋರ್ಡಿನ ಮೇಲೆ ನಮ್ಮಿಬ್ಬರ ಫೋಟೋ. ನೋಡಿದವರೆಲ್ಲ ಮನೆಗೆ ಫೋನ್ ಮಾಡಿ "ಓಡಿಹೋಗಿ ಲಗ್ನ ಆಗ್ಯಾರೇನು" ಅಂತ ಕೇಳಿದ್ದೇ ಕೇಳಿದ್ದು. ಸರ್ಟಿಫಿಕೇಟ್ ಕೈಗೆ ಬಂದಿದ್ದು ಫೆಬ್ರವರಿ 2022ರಲ್ಲಿ. ಅವತ್ತು ರಾತ್ರಿಯೇ ಐ-130 ಆನ್‌ಲೈನ್‌ನಲ್ಲಿ ಹಾಕಿ 535 ಡಾಲರ್ ಕಟ್ಟಿದೆ. ಆಮೇಲೆ ಹದಿನೈದು ತಿಂಗಳು ಸುದ್ದಿಯಿಲ್ಲ.

ಹೆಚ್ಚಿನವರು ಈ ಹೊತ್ತಿಗೆ ಗಂಡನನ್ನು ಭಾರತದಲ್ಲಿ ಬಿಟ್ಟು ವಾಪಸ್ ಅಮೆರಿಕಾಕ್ಕೆ ಹೋಗ್ತಾರೆ. ವಿಡಿಯೋ ಕಾಲ್ ಮೇಲೆ ಸಂಸಾರ, ವರ್ಷಕ್ಕೊಮ್ಮೆ ಮೂರು ವಾರದ ರಜೆ. ನನಗೆ ಅದು ಆಗಲಿಲ್ಲ. ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಓಸಿಐ ಕಾರ್ಡ್ ಇತ್ತು, ಎಷ್ಟು ದಿನ ಬೇಕಾದರೂ ಇರಬಹುದು. ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ, ಲ್ಯಾಪ್‌ಟಾಪ್ ಇದ್ದಲ್ಲೇ ಆಫೀಸು. ಸರಿ, ಇಲ್ಲೇ ಇರ್ತೀನಿ ಅಂದೆ.

ಬೇಸಿಗೆಯಲ್ಲಿ ಸಂಜೆ ಆರೂವರೆಗೆ ಲಾಗಿನ್, ಚಳಿಗಾಲದಲ್ಲಿ ಏಳೂವರೆಗೆ. ಮುಗಿಯೋದು ಬೆಳಗಿನ ಜಾವ ಮೂರು, ಮೂರೂವರೆ. ಕರೆಂಟು ಹೋಗೋದು ಸರಿಯಾಗಿ ಮೀಟಿಂಗ್ ಹೊತ್ತಿಗೆ. ಮನೆಯ ಇನ್ವರ್ಟರ್ ಫ್ಯಾನು, ಲೈಟು ಎಲ್ಲ ಹೊತ್ತುಕೊಂಡು ಸುಸ್ತಾಗುತ್ತಿತ್ತು. ರೂಟರ್‌ಗೆ ಬೇರೆಯೇ ಒಂದು ಸಣ್ಣ ಬ್ಯಾಟರಿ ಕಟ್ಟಿದ ಮೇಲೆ ನೆಮ್ಮದಿ. ನಾನು ಮಲಗಲು ಹೋಗುವ ಹೊತ್ತಿಗೆ ಮಾವನವರು ತೋಟಕ್ಕೆ ಹೊರಡಲು ಎದ್ದಿರುತ್ತಿದ್ದರು. ಅಂಗಳದ ನಳದ ಹತ್ತಿರ ಇಬ್ಬರೂ ಹಲ್ಲುಜ್ಜುತ್ತ ನಿಲ್ಲುತ್ತಿದ್ದೆವು.

"ಮಲಗಾಕ ಹೊಂಟಿಯೇನವಾ?"

"ಹೂಂರಿ ಮಾವ. ನೀವು ಎದ್ರ್ಯಾ?"

ಎರಡು ವರ್ಷ ದಿನಾ ಇದೇ ಎರಡು ಮಾತು. ಅತ್ತೆಗೆ ಮಾತ್ರ ಹನ್ನೊಂದಕ್ಕೆ ಏಳುವ ಸೊಸೆ ಕೊನೆತನಕ ಒಪ್ಪಿಗೆಯಾಗಲಿಲ್ಲ.

ಈಗ ಮುಖ್ಯ ವಿಷಯ, ಡೊಮಿಸೈಲ್, ಅಂದರೆ ಕಾಯಂ ನೆಲೆ. ಸೋದರಮಾವನ ಮಾತಿನಲ್ಲಿ ಅರ್ಧ ನಿಜ ಇದ್ದಿದ್ದು ಇಲ್ಲಿ. ಪೂರ್ತಿ ಕಾಲ ಅಮೆರಿಕಾದಲ್ಲೇ ಕೂತಿರಬೇಕು ಅಂತೇನೂ ಇಲ್ಲ. ಆದರೆ ಮನೆ ಅಲ್ಲೇ ಇದೆ, ಭಾರತದಲ್ಲಿ ಇರೋದು ತಾತ್ಕಾಲಿಕ, ಇಲ್ಲವೇ ಗಂಡನ ಜತೆಗೇ ತಿರುಗಿ ಹೋಗಿ ನೆಲೆಸ್ತೀನಿ ಅಂತ ಐ-864 (ಗಂಡನ ಖರ್ಚಿನ ಹೊಣೆ ನನ್ನದು ಅಂತ ಬರೆದುಕೊಡುವ ಫಾರ್ಮ್) ಜತೆ ತೋರಿಸಬೇಕು. ನಾನು ಏನು ಮಾಡಿದೆ ಅಂದರೆ, ಹೊರಡುವಾಗ ಅಲ್ಲಿಯ ಒಂದು ದೀಪವನ್ನೂ ಆರಿಸಲಿಲ್ಲ. ಬ್ಯಾಂಕ್ ಖಾತೆ, ಡ್ರೈವಿಂಗ್ ಲೈಸೆನ್ಸ್, ಅಣ್ಣನ ಮನೆ ವಿಳಾಸಕ್ಕೆ ಬರುವ ಟಪಾಲು, ಕ್ರೆಡಿಟ್ ಕಾರ್ಡು, ನನ್ನ ಕೋಣೆಗೆ ಅಣ್ಣನಿಗೆ ತಿಂಗಳಾ ತಿಂಗಳಾ ಚೆಕ್ಕಿನಲ್ಲೇ 250 ಡಾಲರ್ ಬಾಡಿಗೆ. ಅಣ್ಣ ಬೇಡ ಅಂದ. ಚೆಕ್ಕು ಬೇಕು ಕಣೋ, ದುಡ್ಡು ಆಮೇಲೆ ವಾಪಸ್ ಕೊಡಬೇಡ ಅಂದೆ. ಅವನು ಕೊಡಲೂ ಇಲ್ಲ.

ಬಹಳ ಜನಕ್ಕೆ ಹೊಳೆಯದ ಒಂದು ದಾಖಲೆ ಇದೆ: ಓಟು. ಅಮೆರಿಕಾದ 2022ರ ನವೆಂಬರ್ ಚುನಾವಣೆಗೆ ವಿದೇಶದಿಂದ ಮತ ಹಾಕಲು ಎಫ್‌ಪಿಸಿಎ ಅಂತ ಒಂದು ಪೋಸ್ಟ್‌ಕಾರ್ಡ್ ಅರ್ಜಿ ತುಂಬಬೇಕು. ಅದರಲ್ಲಿ "ದೇಶದ ಹೊರಗಿದ್ದೇನೆ, ಮರಳುವ ಉದ್ದೇಶವಿದೆ" ಅನ್ನುವ ಚೌಕ ಇದೆ. ವರ್ಷದ ಹಿಂದೆಯೇ ಸರ್ಕಾರಕ್ಕೆ ನಾನೇ ಹೇಳಿಕೊಂಡ ಮಾತು ಅದು. ಫಾರ್ಮಿನ ಪ್ರತಿ ಇಟ್ಟುಕೊಂಡಿದ್ದೆ, ಅದನ್ನೂ ಲಗತ್ತಿಸಿದೆ. ಇದರ ಜತೆಗೆ ಒಂದೂವರೆ ಪುಟದ ಪತ್ರ ಬರೆದೆ. ಅದರ ಒಕ್ಕಣೆ ಮಾತ್ರ ಇಲ್ಲಿ ಹಾಕಲ್ಲ. ಒಬ್ಬಳಿಗೆ ಕೊಟ್ಟಿದ್ದೆ, ನಮ್ಮ ಅಣ್ಣನ ಬಾಡಿಗೆ ಸಮೇತ ಹಾಗೇ ನಕಲು ಮಾಡಿ ಕಳಿಸಿದ್ದಳು.

ಇಷ್ಟೆಲ್ಲ ಜಾಣತನ ಮಾಡಿ ಎಲ್ಲಿ ಬಿದ್ದೆ ಗೊತ್ತಾ? ಐ-864ರಲ್ಲಿ ಡೊಮಿಸೈಲ್ ಯಾವ ದೇಶ ಅಂತ ಒಂದು ಸಣ್ಣ ಕಾಲಂ ಇದೆ. ರಾತ್ರಿ ಎರಡು ಗಂಟೆಗೆ ತುಂಬುತ್ತ ಕೂತಿದ್ದೆ. ಇರೋದು ಎಲ್ಲಿ, ಇಂಡಿಯಾ. ಹಾಗೇ ಬರೆದೆ. ಆರು ವಾರ ಬಿಟ್ಟು ಫಾರ್ಮ್ ತಿರುಗಿ ಬಂತು. ಒಂದೇ ಒಂದು ಪದ ತಿದ್ದಿ ಮತ್ತೆ ಸಾಲಿನ ಕೊನೆಗೆ ಹೋಗಿ ನಿಂತೆ. ನಮ್ಮವರು ಅವತ್ತು ಏನೂ ಅನ್ನಲಿಲ್ಲ, ಸುಮ್ಮನೆ ಒಂದು ಕಪ್ ಚಹಾ ತಂದಿಟ್ಟರು. ಬೈದಿದ್ದರೇ ಚಲೋ ಇತ್ತು.

ಇನ್ನೊಂದು ಪೆಟ್ಟು ಫೋನ್ ನಂಬರಿನದು. ದುಡ್ಡು ಉಳಿಸೋಣ ಅಂತ ಅಲ್ಲಿಯ ನಂಬರನ್ನು ಇಂಟರ್ನೆಟ್ ನಂಬರಿಗೆ ಬದಲಾಯಿಸಿದೆ. ಅಂಥ ನಂಬರಿಗೆ ಬ್ಯಾಂಕಿನ ಓಟಿಪಿ ಬರಲ್ಲ ಅಂತ ಗೊತ್ತಾಗಿದ್ದು ಖಾತೆ ಲಾಕ್ ಆದ ಮೇಲೆ. ಇಪ್ಪತ್ತು ದಿನ ಸ್ವಂತ ದುಡ್ಡು ಮುಟ್ಟಲಾಗದೆ ಅತ್ತೆ ಹತ್ತಿರ ಪೆಟ್ರೋಲಿಗೆ ಕೈಚಾಚಿದೆ. ತಿಂಗಳಿಗೆ ಐದಾರು ಡಾಲರಿನ ಪ್ಲಾನ್ ಇಟ್ಟುಕೊಂಡು ವೈಫೈ ಕಾಲಿಂಗ್ ಹಾಕಿಕೊಳ್ಳಿ, ಇದರಲ್ಲಿ ಜಿಪುಣತನ ಬೇಡ.

ದೊಡ್ಡ ಪೆಟ್ಟು ಬಿದ್ದಿದ್ದು 2023ರ ಜನವರಿಯಲ್ಲಿ. ಊರಿನ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ ತೀರಿಕೊಂಡ ವಾರ ಅದು. ಊರ ತುಂಬ ಜನ, ಮನೆ ತುಂಬ ದರ್ಶನಕ್ಕೆ ಬಂದ ನೆಂಟರು, ಅಡುಗೆಮನೆಯಲ್ಲಿ ಒಲೆ ಆರುತ್ತಿರಲಿಲ್ಲ. ಅದರ ನಡುವೆ ಕಂಪನಿಯಿಂದ ಮೇಲ್: ಇನ್ನು ಮೇಲೆ ಭಾರತದಿಂದ ಲಾಗಿನ್ ಇಲ್ಲ, ವಾಪಸ್ ಬಾ, ಇಲ್ಲವೇ ಬಿಡು. ಬಿಟ್ಟೆ. ಮೂರು ತಿಂಗಳು ಸಂಬಳ ಇಲ್ಲ. ಏಪ್ರಿಲ್‌ನಲ್ಲಿ ಹಳೆಯ ಸಹೋದ್ಯೋಗಿಯೊಬ್ಬಳ ಮೂಲಕ ಕಾಂಟ್ರಾಕ್ಟ್ ಕೆಲಸ ಸಿಕ್ಕಿತು, ತಿಂಗಳಿಗೆ ಸುಮಾರು 3,000 ಡಾಲರ್. ಮೊದಲಿನದರ ಅರ್ಧ. ಇಬ್ಬರ ಕುಟುಂಬಕ್ಕೆ ಆ ವರ್ಷ ತೋರಿಸಬೇಕಿದ್ದ ಆದಾಯ 24,650 ಡಾಲರ್. ಲೆಕ್ಕಕ್ಕೆ ಸಾಕು, ಧೈರ್ಯಕ್ಕೆ ಸಾಲದು. ಅದಕ್ಕೆ ಅಣ್ಣನನ್ನು ಜಾಯಿಂಟ್ ಸ್ಪಾನ್ಸರ್, ಅಂದರೆ ನನ್ನ ಜತೆ ಹೊಣೆ ಹೊರುವವನು ಅಂತ ಸೇರಿಸಿದೆ. ಇದೂ ಎಲ್ಲರಿಗೂ ಹೇಳೋದು: ಬೇಕಾಗಲ್ಲ ಅನ್ನಿಸಿದರೂ ಒಬ್ಬರನ್ನು ತಯಾರಿಟ್ಟುಕೊಳ್ಳಿ.

ಅಮೆರಿಕಾದ ಟ್ಯಾಕ್ಸಿನ ಗೋಳು ಬೇರೆ. ಸೋಲಾಪುರದ ಒಬ್ಬರು "2555 ಫಾರ್ಮ್ ಹಾಕ್ರಿ, ವಿದೇಶದ ಗಳಿಕೆ ಪೂರ್ತಿ ಬಿಡತಾರ" ಅಂತ ಆಸೆ ಹಚ್ಚಿದರು. ಹಾಕಲು ಕೂತಾಗ ಎದೆ ಧಸಕ್ ಅಂತು. ಅದನ್ನು ಹಾಕಿದರೆ ರಿಟರ್ನ್‌ನಲ್ಲಿ ಒಟ್ಟು ಆದಾಯ ಸೊನ್ನೆ ಹತ್ತಿರಕ್ಕೆ ಇಳಿಯುತ್ತದೆ, ಮೇಲಾಗಿ ದುಡಿಯುವ ನೆಲೆ ಹೊರದೇಶದ್ದು ಅಂತ ನಾನೇ ಬರೆದುಕೊಟ್ಟ ಹಾಗೆ. ಒಂದು ಕಚೇರಿಗೆ ಮನೆ ಅಲ್ಲಿದೆ ಅನ್ನೋದು, ಇನ್ನೊಂದಕ್ಕೆ ಇಲ್ಲಿದೆ ಅನ್ನೋದು! ಬೇಡಪ್ಪ ಅಂತ ಭಾರತದಲ್ಲಿ ಅಡ್ವಾನ್ಸ್ ಟ್ಯಾಕ್ಸ್ ಕಟ್ಟಿ, ಅಮೆರಿಕಾದ 1116 ಫಾರ್ಮಿನಲ್ಲಿ ಅದಕ್ಕೆ ಕ್ರೆಡಿಟ್ ತಗೊಂಡೆ. ಕಾಂಟ್ರಾಕ್ಟ್ ಆದ ಮೇಲೆ ಅಲ್ಲಿಯ ಸ್ವಂತ ದುಡಿಮೆಯ ತೆರಿಗೆ 15.3 ಶೇಕಡಾ ಬೇರೆ. ಎರಡು ದೇಶಕ್ಕೂ ಆ ಬಾಬ್ತಿನ ಒಪ್ಪಂದ ಇಲ್ಲದ್ದರಿಂದ ತಪ್ಪಿಸಿಕೊಳ್ಳೋ ದಾರಿಯಿಲ್ಲ. ಕೊಟ್ಟು ಅತ್ತುಬಿಟ್ಟೆ.

ಜನನ ಪ್ರಮಾಣಪತ್ರಕ್ಕೆ ಅಲೆದಿದ್ದನ್ನೂ ಹೇಳಿಬಿಡ್ತೀನಿ. ನಮ್ಮ ಕಡೆ ಚೊಚ್ಚಲ ಹೆರಿಗೆ ತವರಲ್ಲಿ. ನಮ್ಮವರು 1990ರಲ್ಲಿ ಇಂಡಿ ತಾಲೂಕಿನ ಅಜ್ಜನ ಮನೆಯಲ್ಲಿ ಸೂಲಗಿತ್ತಿ ಕೈಯಲ್ಲಿ ಹುಟ್ಟಿದವರು. ದಾಖಲೆ ಇಲ್ಲ. ಹಳೇ ರಿಜಿಸ್ಟರ್ ತೆಗೆಸಿ ನೋಡಿದರೆ ಆ ವರ್ಷದ ಪುಟಗಳಿಗೆ ಗೆದ್ದಲು ಹತ್ತಿತ್ತು. ಅಲಭ್ಯ ಪತ್ರ ತಗೊಂಡು, ಕೋರ್ಟಿಗೆ ಅರ್ಜಿ ಹಾಕಿ, ಆದೇಶ ಪಡೆದು ನೋಂದಣಿ ಮಾಡಿಸಲು ಏಳು ತಿಂಗಳು, ವಕೀಲರಿಗೆ ಎಂಟು ಸಾವಿರ. ಅಷ್ಟಾದರೂ ಮಾವನವರ ಹೆಸರು ಒಂದರಲ್ಲಿ ಮಲ್ಲಪ್ಪ, ಇನ್ನೊಂದರಲ್ಲಿ ಮಲ್ಲಿಕಾರ್ಜುನ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಅತ್ತೆಯ ಅಫಿಡವಿಟ್, ಎರಡೂ ಹೆಸರು ಒಬ್ಬರದೇ ಅನ್ನುವ ಇನ್ನೊಂದು ಅಫಿಡವಿಟ್. ಎಲ್ಲ ಹಚ್ಚಿದ್ದಕ್ಕೆ ಅದು ಮೊದಲ ಏಟಿಗೇ ಪಾಸಾಯಿತು. ನಾನು ವಿಜಯಪುರದಲ್ಲೇ ಇರದಿದ್ದರೆ ಇದು ಆಗುತ್ತಿರಲಿಲ್ಲ. ನಮ್ಮವರು ಕಚೇರಿಯಲ್ಲಿ "ನಾಳೆ ಬರ್ರಿ" ಅಂದರೆ "ಆತ್ರಿ" ಅಂತ ಎದ್ದು ಬರುವ ಪೈಕಿ.

ಖಾಲಿ ಇದ್ದ ಆ ಮೂರು ತಿಂಗಳಲ್ಲಿ ನಾನು ದ್ರಾಕ್ಷಿ ಶೆಡ್ಡಿಗೆ ಬಿದ್ದೆ. ತಿಕೋಟಾ ಕಡೆ ನಮ್ಮ ತೋಟ, ಫೆಬ್ರವರಿಯಿಂದ ಏಪ್ರಿಲ್ ತನಕ ಮಣೂಕ, ಅಂದರೆ ಒಣದ್ರಾಕ್ಷಿ ಮಾಡೋ ಹಂಗಾಮು. ನಾಲ್ಕು ಕಿಲೋ ದ್ರಾಕ್ಷಿ ಒಣಗಿದರೆ ಒಂದು ಕಿಲೋ. ಡಿಪ್ಪಿಂಗ್ ಆಯಿಲ್, ಪೊಟ್ಯಾಷಿಯಂ ಕಾರ್ಬೊನೇಟ್ ಕಲಸಿದ ನೀರಲ್ಲಿ ಅದ್ದಿ ಬಲೆಯ ಮೇಲೆ ಹರಡಿದರೆ ಎರಡು ವಾರ. ಹಸಿರು ಬಣ್ಣ ಉಳಿದರೆ ರೇಟು, ಕಂದಾದರೆ ಇಲ್ಲ. ಟೆಸ್ಟಿಂಗ್ ಬುದ್ಧಿ ಸುಮ್ಮನಿರುತ್ತದೆಯೇ? ಮುನ್ನೂರು ರೂಪಾಯಿಯ ಉಷ್ಣಾಂಶ-ತೇವದ ಮೀಟರು ಆರು ತರಿಸಿ ಅಂತಸ್ತಿಗೊಂದು ಕಟ್ಟಿದೆ. ಪಡುವಣ ಕಡೆಯ ಕೆಳಗಿನ ಎರಡು ಅಂತಸ್ತು ಮೂರು ದಿನ ತಡವಾಗಿ ಒಣಗೋದು ಸಿಕ್ಕಿತು. ಪರದೆ ಕಟ್ಟುವ ಹೊತ್ತು ಬದಲಿಸಿದೆವು, ಒಂದೂವರೆ ದಿನ ಉಳಿಯಿತು. ಅಷ್ಟರಲ್ಲಿ ಮಾರ್ಚ್‌ನ ಅಕಾಲಿಕ ಮಳೆ ಬಂದು ಮೀಟರಿನ ಜತೆ ಕಾಲು ಭಾಗ ಮಾಲೂ ಹೋಯಿತು ಅನ್ನಿ. ಅದ್ದುವ ನೀರಿನ ಪ್ರಮಾಣ ಕೇಳಬೇಡಿ, ಅದು ಮಾವನವರ ಗುಟ್ಟು. ನನಗೇ ಎರಡನೇ ವರ್ಷ ಹೇಳಿದ್ದು.

ಕಾಗದಪತ್ರ ಎಲ್ಲ ಸರಿ ಅಂತ ಬಂದಿದ್ದು ಅಕ್ಟೋಬರ್ 2023. ಇಂಟರ್‌ವ್ಯೂ ಮುಂಬೈಯಲ್ಲಿ, 2024ರ ಮಾರ್ಚ್. ಅದಕ್ಕೂ ಮೊದಲು ಮೆಡಿಕಲ್‌ಗೆ ಒಂದು ಸಲ ಹೋಗಿಬಂದಿದ್ದೆವು, ಇಂಜೆಕ್ಷನ್ ಸೇರಿ ಇಪ್ಪತ್ತು ಸಾವಿರದ ಆಸುಪಾಸು. ಸೋಲಾಪುರದ ತನಕ ಬಸ್ಸು, ಅಲ್ಲಿಂದ ರಾತ್ರಿ ಸಿದ್ಧೇಶ್ವರ ಎಕ್ಸ್‌ಪ್ರೆಸ್. ಅತ್ತೆ ಕಟ್ಟಿಕೊಟ್ಟ ಖಡಕ್ ರೊಟ್ಟಿ, ಶೇಂಗಾ ಚಟ್ನಿ. ಅಮೆರಿಕಾದ ಕಾನ್ಸುಲೇಟ್ ಇರುವ ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿನ ಬಿಸಿಲಲ್ಲಿ ನಾನು ರಸ್ತೆ ಆಚೆ ನಿಂತೆ, ಅವರು ಒಳಗೆ ಹೋದರು. ಕೈಯಲ್ಲಿ ನಾನೂರು ಪುಟದ ಫೈಲು: ಫೋಟೋ, ಟಿಕೆಟ್, ಒಂದೇ ವಿಳಾಸಕ್ಕೆ ಬಂದ ಬಿಲ್ಲುಗಳು.

ಫೈಲು ಬಿಚ್ಚಲೇ ಇಲ್ಲವಂತೆ. ಹೆಂಡತಿ ಈಗ ಎಲ್ಲಿದ್ದಾಳೆ ಅಂತ ಆ ಅಧಿಕಾರಿ ಕೇಳಿದಳು. ಹೊರಗೆ ನಿಂತಿದ್ದಾಳೆ ಅಂದರು ಇವರು. ಅವಳ ದಿನಚರಿ ಏನು? "ರಾತ್ರಿಯೆಲ್ಲ ಕಂಪ್ಯೂಟರ್, ನಾಲ್ಕಕ್ಕೆ ಮಲಗ್ತಾಳೆ, ಹನ್ನೊಂದಕ್ಕೆ ಏಳ್ತಾಳೆ, ನಮ್ಮ ತಾಯಿಗೆ ಸಿಟ್ಟು ಬರುತ್ತೆ." ತಮ್ಮ ಇಂಗ್ಲಿಷಿನಲ್ಲಿ ಹೀಗೆ ಹೇಳಿದ್ದಕ್ಕೆ ಆಕೆ ನಕ್ಕು, ಯಾಕೆ ಸಿಟ್ಟು ಅಂದಳಂತೆ. ಅದಕ್ಕೆ ಇವರು ರೊಟ್ಟಿಯ ಪುರಾಣ ಶುರು ಮಾಡಿದ್ದಾರೆ. ವಾಪಸ್ ಹೋದರೆ ಎಲ್ಲಿ ಇರ್ತೀರಿ ಅನ್ನೋದು ಕೊನೆ ಪ್ರಶ್ನೆ. ಹತ್ತು ನಿಮಿಷ. ಹೊರಗೆ ಬಂದಾಗ ಮುಖ ನೋಡಿ ನನಗೇನೂ ತಿಳಿಯಲಿಲ್ಲ. ಹತ್ತಿರ ಬಂದು "ರೊಟ್ಟಿ ಉಳದಾವೇನು?" ಅಂದರು. ಆಮೇಲೆ ಹೇಳಿದರು, ಆತಂತ.

ಕಾದಿದ್ದರಿಂದ ಒಂದು ಲಾಭ ಆಯಿತು. ಮದುವೆಯಾಗಿ ಎರಡು ವರ್ಷ ದಾಟಿದ್ದಕ್ಕೆ ಹೊಸ ದಂಪತಿಗಳಿಗೆ ಕೊಡುವ ಸಿಆರ್-1 ವೀಸಾ ಬದಲು ಐಆರ್-1 ಸಿಕ್ಕಿತು. ಗ್ರೀನ್ ಕಾರ್ಡು ಎರಡು ವರ್ಷದ್ದಲ್ಲ, ಹತ್ತು ವರ್ಷದ್ದು, ಎರಡು ವರ್ಷದ ಕಾರ್ಡಿನ ಷರತ್ತು ತೆಗೆಸುವ ಐ-751 ಅರ್ಜಿಯ ತಲೆನೋವಿಲ್ಲ. ಆಗ ನಾನು ಕಟ್ಟಿದ ಸರ್ಕಾರಿ ಶುಲ್ಕ, ಡಾಲರಿನಲ್ಲಿ: ಐ-130ಕ್ಕೆ 535, ಎನ್‌ವಿಸಿಗೆ 325 ಮತ್ತು 120, ಕಾರ್ಡಿನ ಬಾಬ್ತು 220. ಈ ಕೊನೆಯದನ್ನು ವೀಸಾ ಬಂದ ವಾರವೇ ಕಟ್ಟಿದೆ, ಏಪ್ರಿಲ್‌ನಿಂದ 235 ಆಯಿತು. ಹದಿನೈದು ಡಾಲರ್ ಉಳಿಸಿದ್ದನ್ನು ಇನ್ನೂ ಹೇಳಿಕೊಂಡು ತಿರುಗ್ತೀನಿ.

ವೀಸಾ ಕೈಗೆ ಬಂತು, ಅಪ್ಪ ಅವತ್ತೇ ಟಿಕೆಟ್ ನೋಡಲು ಶುರು ಮಾಡಿದರು. ನಮ್ಮವರು ಹೊರಡಲಿಲ್ಲ. ಶೆಡ್ಡಿನಲ್ಲಿ ಮಣೂಕ ಇತ್ತು.

"ಎರಡು ವರ್ಷ ವೀಸಾ ವೀಸಾ ಅಂತ ಜೀವ ತಿಂದ್ರಿ. ಈಗ ಬಂದೈತಿ, ಯಾಕ ಕುಂತೀರಿ?" ಅಂತ ಅಪ್ಪ.

"ಮಾಲು ಕೋಲ್ಡ್ ಸ್ಟೋರೇಜಿನಾಗ ಐತ್ರಿ ಮಾವ. ರೇಟ್ ಬರಲಿ."

ಮೆಡಿಕಲ್ ಆದ ದಿನದಿಂದ ಆರು ತಿಂಗಳೊಳಗೆ ದೇಶ ಮುಟ್ಟಬೇಕಿತ್ತು, ಆಗಸ್ಟ್ ತನಕ ಅವಕಾಶ. ಮೇ ಕೊನೆಗೆ ಕಿಲೋಕ್ಕೆ 135ರಂತೆ ಹೋಯಿತು. ಜೂನ್ ಎರಡನೇ ವಾರ ಹೊರಟೆವು. ಹೊರಡುವ ದಿನ ಬೆಳಗಿನ ಜಾವ ನಾಲ್ಕಕ್ಕೆ ಅಂಗಳಕ್ಕೆ ಬಂದೆ. ಮಾವನವರು ನಳದ ಹತ್ತಿರ ಬ್ರಷ್ ಹಿಡಿದು ನಿಂತಿದ್ದರು.

"ಮಲಗಾಕ ಹೊಂಟಿಯೇನವಾ?" ಅಂದವರೇ ನನ್ನ ಕೈಯಲ್ಲಿದ್ದ ಸೂಟ್‌ಕೇಸ್ ನೋಡಿ ಸುಮ್ಮನಾದರು.